ನಗು ಯಾರ ಮೇಲೆ ಎಂಬುದು ಮುಖ್ಯ

ಟಿ.ವಿ. ಹಾಸ್ಯ ಧಾರಾವಾಹಿಗಳು ಗಂಭೀರ ಕಾಯಿಲೆಗಳನ್ನು ಮುಟ್ಟಲೇಬಾರದು ಎಂದು ಲೇಖನವೊಂದರಲ್ಲಿ ಓದಿದೆ; ಅದರ ಲೇಖಕರ ಈ ನಿಲುವನ್ನು ಪೂರ್ತಿಯಾಗಿ ಒಪ್ಪಲಾರೆ. ಕೈಕಾಲು ನಡುಗುವ ಪಾರ್ಕಿನ್ಸನ್ ಕಾಯಿಲೆಯಿರುವ ನಟ ಮೈಕೆಲ್ ಜೆ. ಫಾಕ್ಸ್ 2011ರಲ್ಲಿ ಅಮೆರಿಕದ ಹಾಸ್ಯ ಧಾರಾವಾಹಿ ‘ಕರ್ಬ್ ಯುವರ್ ಎಂಥೂಸಿಯಾಸಂ’ನಲ್ಲಿ ತಮ್ಮದೇ ಪಾತ್ರದಲ್ಲಿ ಕಾಣಿಸಿಕೊಂಡರು, ಅವರು ಕೊಟ್ಟ ಸೋಡಾ ಉಕ್ಕಿ ತನ್ನ ಮೈಮೇಲೆ ಚೆಲ್ಲಿದಾಗ, ಕೈ ನಡುಗಿದ್ದು ಕಾಯಿಲೆಯಿಂದಲೋ ಸಿಟ್ಟಿನಿಂದಲೋ ಎಂದು ನಾಯಕ ಲ್ಯಾರಿ ತಲೆ ಕೆಡಿಸಿಕೊಳ್ಳುತ್ತಾನೆ. ಅಲ್ಲಿ ನಗೆಗೀಡಾಗುವುದು ಆ ಅನುಮಾನವೇ ಹೊರತು ನಡುಗುವ ಕೈಯಲ್ಲ. ಕಿಮೋಥೆರಪಿಯಿಂದ ಕೂದಲುದುರಿದ ತಲೆಯನ್ನೇ ತೋರಿಸಿ ಹಿನ್ನೆಲೆಯಲ್ಲಿ ನಗೆಯ ಸದ್ದು ಸೇರಿಸುವುದು ಬೇರೆಯೇ ಮಾತು. ಚಿಕಿತ್ಸೆಯ ದಿನಗಳಲ್ಲಿ ನನ್ನ ಅಕ್ಕ ಕನ್ನಡಿಯೆದುರು ನಿಂತು ತನ್ನ ಬೋಳುತಲೆಯ ಬಗ್ಗೆ ತಾನೇ ತಮಾಷೆ ಮಾಡುತ್ತಿದ್ದಳು, ನಾವೂ ನಗುತ್ತಿದ್ದೆವು. ಆದರೆ ಅಂಥ ದೃಶ್ಯ ಟಿ.ವಿ.ಯಲ್ಲಿ ಬಂದೊಡನೆ ಮಾತಿಲ್ಲದೆ ರಿಮೋಟ್ ಎತ್ತಿಕೊಂಡು ಚಾನೆಲ್ ಬದಲಿಸುತ್ತಿದ್ದಳು.