ದೊಡ್ಡಮ್ಮನ ಬೀಗ, ಝೆರಾಕ್ಸ್ ಅಂಗಡಿಯ ಕೀ

ಹೋದ ತಿಂಗಳು ದೊಡ್ಡಮ್ಮನ ಆಧಾರ್ ಪ್ರಿಂಟ್ ತೆಗೆಸಲಿಕ್ಕೆ ಮಂಗಳೂರಿನ ಹಂಪನಕಟ್ಟೆಯ ಒಂದು ಝೆರಾಕ್ಸ್ ಅಂಗಡಿಗೆ ಹೋಗಿದ್ದೆ. ಕೌಂಟರಿನ ಮುಂದೆ ಏಳೆಂಟು ಜನ. ಗೋಡೆಯ ಮೇಲೆ ಅಂಗಡಿಯ ವಾಟ್ಸ್‌ಆಪ್ ನಂಬರ್, ಊರ ಜಾತ್ರೆಯ ಬ್ಯಾನರಿನಷ್ಟು ದೊಡ್ಡ ಅಕ್ಷರದಲ್ಲಿ. ಎಲ್ಲರೂ ಅದಕ್ಕೆ ಫೈಲ್ ಕಳಿಸುವುದು, ಹುಡುಗ ಕಂಪ್ಯೂಟರಿನಲ್ಲಿ ತೆಗೆಯುವುದು. ನಾನೂ ಕಳಿಸಿದೆ.

"ಪಾಸ್‌ವರ್ಡ್ ಕೇಳ್ತಾ ಉಂಟು ಸರ್."

ನಾನು ಕೌಂಟರಿನ ಮೇಲೆ ಬಗ್ಗಿ, ಗುಟ್ಟು ಹೇಳುವವನ ಹಾಗೆ ದನಿ ತಗ್ಗಿಸಿದೆ. ಅಷ್ಟರಲ್ಲಿ ಅವನೇ ನಾಲ್ಕು ಅಕ್ಷರ ಟೈಪ್ ಮಾಡಿ ಆಗಿತ್ತು. ಫೈಲಿನ ಹೆಸರು ನೋಡಿದ್ದನಂತೆ. "ಹುಟ್ಟಿದ್ದು ಯಾವಾಗ ಅವರು?" ಅಂತ ಇಡೀ ಅಂಗಡಿಗೆ ಕೇಳುವ ಹಾಗೆ ಕೇಳಿದ. 1948 ಅಂದೆ. ನನ್ನ ಹಿಂದೆ ನಿಂತಿದ್ದ ಹೆಂಗಸೊಬ್ಬರು, "ಪಾಪ, ಅಷ್ಟು ವಯಸ್ಸಾಯ್ತಾ, ಶುಗರ್ ಎಲ್ಲ ಉಂಟಾ?" ಅಂತ ವಿಚಾರಿಸಿಕೊಂಡರು.

ಗೊತ್ತಿಲ್ಲದವರಿಗೆ ಹೇಳುತ್ತೇನೆ, ಗೊತ್ತಿಲ್ಲದವರು ಯಾರೂ ಇಲ್ಲ ಬಿಡಿ. ಡೌನ್‌ಲೋಡ್ ಮಾಡಿದ ಆಧಾರ್ ಫೈಲಿಗೆ ಪಾಸ್‌ವರ್ಡ್ ಅಂದರೆ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಅದರ ಹಿಂದೆ ಹುಟ್ಟಿದ ವರ್ಷ. ಇದನ್ನು ಯಾರೋ ಕಳ್ಳರು ಕಂಡುಹಿಡಿದದ್ದಲ್ಲ. ಆಧಾರ್‌ನವರೇ ಉದಾಹರಣೆ ಸಮೇತ ವೆಬ್‌ಸೈಟಿನಲ್ಲಿ ಬರೆದಿಟ್ಟಿದ್ದಾರೆ. ಬೀಗ ಹಾಕಿ, ಕೀ ತುಳಸಿಕಟ್ಟೆಯಲ್ಲಿ ಉಂಟು ಅಂತ ಬಾಗಿಲಿಗೇ ಚೀಟಿ ಅಂಟಿಸಿದ ಹಾಗೆ. ಉಡುಪಿಯಲ್ಲಂತೂ ಕೃಷ್ಣಪ್ಪ, ಕೃಷ್ಣಮೂರ್ತಿ, ಕೃಷ್ಣಾನಂದ, ಕೃಷ್ಣವೇಣಿ ಎಲ್ಲರಿಗೂ ಒಂದೇ ನಾಲ್ಕಕ್ಷರ. ಕೆ, ಆರ್, ಐ, ಎಸ್. ಉಳಿದದ್ದು ವರ್ಷ ಮಾತ್ರ. ನೂರು ತುಂಬಿದ ಅಜ್ಜನನ್ನು ಸೇರಿಸಿಕೊಂಡರೂ ನೂರು ಚಿಲ್ಲರೆ ಸಲ ಒತ್ತಿದರೆ ಮುಗಿಯಿತು. ಈ ಬೀಗ ತೆಗೆಯಲಿಕ್ಕೆ ಬಾರದವರು ಊರಿನಲ್ಲಿ ಒಬ್ಬರೇ. ದೊಡ್ಡಮ್ಮ.

ಸಾಲಿನಲ್ಲಿ ನಿಂತು ನನಗೆ ಎನಿಗ್ಮಾ ನೆನಪಾಯಿತು. ಜರ್ಮನಿಯ ಆರ್ಥರ್ ಶೆರ್ಬಿಯಸ್ ಅನ್ನುವ ಎಂಜಿನಿಯರ್ 1918ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಗೂಢಲಿಪಿ ಯಂತ್ರ. ನೋಡಲಿಕ್ಕೆ ಟೈಪ್‌ರೈಟರ್. ಒಂದು ಅಕ್ಷರ ಒತ್ತಿದರೆ ಇನ್ನೊಂದು ಅಕ್ಷರದ ಬಲ್ಬ್ ಹತ್ತುತ್ತದೆ, ಒಳಗಿನ ಚಕ್ರ ಒಂದು ಹಲ್ಲು ಮುಂದೆ ಹೋಗುತ್ತದೆ, ಹಾಗಾಗಿ ಅದೇ ಅಕ್ಷರ ಮತ್ತೆ ಒತ್ತಿದರೆ ಬೇರೆ ಬಲ್ಬ್ ಹತ್ತಬಹುದು. ಐದು ಚಕ್ರದಲ್ಲಿ ಮೂರು ಆರಿಸಿ, ಎದುರಿನ ಹಲಗೆಯಲ್ಲಿ ಹತ್ತು ವೈರ್ ಚುಚ್ಚಿ ಜೋಡಿಸುವಾಗ ಎಷ್ಟು ಬಗೆಯಲ್ಲಿ ಜೋಡಿಸಬಹುದು ಅಂತ ಲೆಕ್ಕ ಹಾಕಿದರೆ, 1ರ ಮುಂದೆ 20 ಸೊನ್ನೆ ಬರೆದರೂ ಸಾಲುವುದಿಲ್ಲ. ನಮ್ಮದು ನೂರು ಚಿಲ್ಲರೆ. ಇರಲಿ.

ಆದರೆ ಈ ಯಂತ್ರ ಬಳಸುತ್ತಿದ್ದ ಜರ್ಮನ್ ಸೈನ್ಯಕ್ಕೂ ನಮ್ಮ ಕಚೇರಿಗಳ ಒಂದು ಕಾಯಿಲೆ ಇತ್ತು ಮಾರಾಯ್ರೆ. ಎರಡು ಪ್ರತಿ! ಪ್ರತಿ ಸಂದೇಶಕ್ಕೂ ಆಪರೇಟರ್ ಮೂರಕ್ಷರದ ಕೀಲಿ ಆರಿಸಬೇಕು, ತಪ್ಪಾಗಬಾರದು ಅಂತ ಅದನ್ನು ಎರಡು ಸಲ ಬರೆದು ಕಳಿಸಬೇಕು ಅಂತ ರೂಲ್. ಪೋಲೆಂಡಿನ ಗಣಿತಜ್ಞ ಮರಿಯನ್ ರೆಯೆಫ್ಸ್ಕಿ 1932ರಲ್ಲಿ ಇದೇ ಎರಡು ಪ್ರತಿಯ ಬಾಲ ಹಿಡಿದು, ಫ್ರೆಂಚರು ದಾಟಿಸಿದ ಒಂದಷ್ಟು ಗುಪ್ತ ಕಾಗದಗಳ ಸಹಾಯವೂ ಸೇರಿ, ಕಣ್ಣಿನಿಂದ ನೋಡದ ಯಂತ್ರದ ಒಳಗಿನ ವೈರಿಂಗನ್ನು ಲೆಕ್ಕದಲ್ಲೇ ಬಿಡಿಸಿಟ್ಟರು. ಆಪರೇಟರ್‌ಗಳೂ ನಮ್ಮವರೇ. ಮೂರಕ್ಷರ ಆರಿಸಿ ಅಂದರೆ ಎ, ಎ, ಎ ಅಂತ ಒತ್ತಿ ಕೂತವರು ಇದ್ದರು. 1939ರ ಜುಲೈಯಲ್ಲಿ ಪೋಲೆಂಡಿನವರು ತಮಗೆ ಗೊತ್ತಿದ್ದದ್ದನ್ನೆಲ್ಲ ಬ್ರಿಟಿಷರಿಗೂ ಫ್ರೆಂಚರಿಗೂ ಕೊಟ್ಟರು, ಬ್ರಿಟಿಷರ ಗೂಢಲಿಪಿ ಬಿಡಿಸುವ ಕೇಂದ್ರವಾದ ಬ್ಲೆಚ್ಲಿ ಪಾರ್ಕಿನಲ್ಲಿ ಗಣಿತಜ್ಞ ಅಲನ್ ಟ್ಯೂರಿಂಗ್ ಮುಂತಾದವರು ಅಲ್ಲಿಂದ ಮುಂದೆ ಹೋದರು. ಜರ್ಮನ್ನರು ಎರಡು ಪ್ರತಿಯ ಜೊತೆ ಸೆಲ್ಫ್ ಅಟೆಸ್ಟೇಶನ್ ಕೂಡ ಕೇಳಿದ್ದರೆ ಯುದ್ಧ ಇನ್ನೂ ಬೇಗ ಮುಗಿಯುತ್ತಿತ್ತೋ ಏನೋ.

ಆಗಸ್ಟ್ ಕೆರ್ಕ್‌ಹಾಫ್ಸ್ ಅನ್ನುವ ಭಾಷಾತಜ್ಞರು 1883ರಲ್ಲೇ ಹೇಳಿದ್ದರು: ಬೀಗ ಹೇಗೆ ಕೆಲಸ ಮಾಡುತ್ತದೆ ಅಂತ ಶತ್ರುವಿಗೆ ಗೊತ್ತಾದರೂ ತೊಂದರೆ ಆಗಬಾರದು, ಕೀಲಿ ಮಾತ್ರ ಗುಟ್ಟಾಗಿರಬೇಕು. ನಾವು ಇದನ್ನು ಓದಿದ್ದೇವೆ, ತಿರುಗಾ ಮುರುಗಾ ಓದಿದ್ದೇವೆ. ಒಂದು ಕಚೇರಿಯಲ್ಲಿ ನಾನು "ಸರ್ವರ್ ಯಾಕೆ ಡೌನ್?" ಅಂತ ಕೇಳಿದ್ದಕ್ಕೆ "ಸೆಕ್ಯೂರಿಟಿ ವಿಷಯ, ಹೇಳಲಿಕ್ಕೆ ಆಗುವುದಿಲ್ಲ" ಅಂದರು. ಹಾಗೆ ಹೇಳಿದವರ ಮಾನಿಟರಿನ ಅಂಚಿನಲ್ಲೇ ಹಳದಿ ಚೀಟಿ, ಚೀಟಿಯಲ್ಲಿ ಯೂಸರ್‌ನೇಮ್, ಪಾಸ್‌ವರ್ಡ್. ಹಳೆ ಪಾಸ್‌ವರ್ಡ್ ಹೊಡೆದುಹಾಕಿ ಕೆಳಗೆ ಹೊಸದನ್ನೂ ಬರೆದಿದ್ದರು. ಕೊನೆಗೆ ಒಂದು ಅಂಕಿ ಜಾಸ್ತಿಯಾಗಿತ್ತು ಅಷ್ಟೆ.

ಗುಟ್ಟು ಇಡುವುದು ನಮ್ಮ ಊರಿಗೆ ಒಗ್ಗುವುದೇ ಇಲ್ಲ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದವರು ತಮ್ಮಲ್ಲಿನ ಮೂಲನಿವಾಸಿಗಳಾದ ನವಾಹೋ ಜನರ ಭಾಷೆಯನ್ನೇ ಸಂಕೇತ ಮಾಡಿ ಜಪಾನಿಗೆ ಸುಸ್ತು ಹೊಡೆಸಿದರು. ಮಂಗಳೂರಿನ ಸೀರೆ ಅಂಗಡಿಯಲ್ಲಿ ನೀವು ತುಳುವಿನಲ್ಲಿ ಹೆಂಡತಿಗೆ ರೇಟ್ ಜಾಸ್ತಿ ಅಂತ ಪಿಸುಗುಟ್ಟಿ ನೋಡಿ, ಸೇಲ್ಸ್‌ಮನ್ ತುಳುವಿನಲ್ಲೇ ಉತ್ತರ ಕೊಡುತ್ತಾನೆ. ಕೊಂಕಣಿಗೆ ಹಾರಿದರೆ ಕ್ಯಾಶಿನಲ್ಲಿ ಕೂತವರು ನಗುತ್ತಾರೆ, ಬ್ಯಾರಿಗೆ ಹಾರಿದರೆ ಹೊರಗೆ ನಿಂತ ರಿಕ್ಷಾದವರು. ಮೊನ್ನೆ ಉಡುಪಿಯಿಂದ ಬರುವ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಮೂಲ್ಕಿ ದಾಟಿದ ಮೇಲೆ ಒಬ್ಬರು ಫೋನಿನಲ್ಲಿ ಮಗನಿಗೆ ಓಟಿಪಿ ಹೇಳುತ್ತಿದ್ದರು. ಗಾಳಿಗೆ ಕೇಳಿಸುತ್ತಿರಲಿಲ್ಲ, ಹಾಗಾಗಿ ಕೂಗಿ ಹೇಳಿದರು. ಮೂರನೇ ಸಲ ತಪ್ಪಿದಾಗ ಪಕ್ಕದಲ್ಲಿದ್ದವರು, "ಕೊನೆಗೆ ಏಳು ಅಲ್ಲ, ಒಂದು" ಅಂತ ತಿದ್ದಿದರು.

ಇಂಥ ಜನರ ಮೇಲೆ ಸರ್ಕಾರಕ್ಕೆ ಯಾಕೆ ಅನುಮಾನವೋ. 2015ರ ಸೆಪ್ಟೆಂಬರಿನಲ್ಲಿ ಕೇಂದ್ರದವರು ಎನ್‌ಕ್ರಿಪ್ಷನ್ ನೀತಿಯ ಕರಡು ಹೊರಗೆ ಬಿಟ್ಟರು. ಗೂಢಲಿಪಿಯಲ್ಲಿ ಕಳಿಸಿದ ಮಾತನ್ನು ಜನರೂ ಸೇರಿ ಎಲ್ಲರೂ ಸಾದಾ ರೂಪದಲ್ಲಿ 90 ದಿನ ಇಟ್ಟುಕೊಂಡು, ಕೇಳಿದಾಗ ಪೊಲೀಸರಿಗೆ ತೋರಿಸಬೇಕು ಅಂತ. ಯೋಚನೆ ಮಾಡಿ. "ಬೂತಾಯಿ ಮೀನು ಸಿಕ್ಕಿತಾ?" ಅಂತ ಹೆಂಡತಿ ಮೆಸೇಜ್ ಮಾಡಿದರೆ ಅದನ್ನು ಮೂರು ತಿಂಗಳು ಕಾಪಾಡಬೇಕು. ಬೂತಾಯಿಯೇ ಮೂರು ದಿನ ಉಳಿಯುವುದಿಲ್ಲ, ಉಪ್ಪು ಹಾಕಿ ಮಲ್ಪೆಯ ಬಿಸಿಲಿನಲ್ಲಿ ಒಣಗಿಸಬೇಕು. ಮೆಸೇಜನ್ನು ಎಲ್ಲಿ ಒಣಗಿಸುವುದು? ಗಲಾಟೆ ಆದ ಮೇಲೆ ವಾಟ್ಸ್‌ಆಪ್, ಬ್ಯಾಂಕಿಂಗ್ ಇದರಲ್ಲಿ ಸೇರುವುದಿಲ್ಲ ಅಂತ ತೇಪೆ ಹಾಕಿದರು, ಅದೂ ನಿಲ್ಲದೆ ಕರಡನ್ನೇ ವಾಪಸ್ ತೆಗೆದುಕೊಂಡರು.

2021ರಲ್ಲಿ ಇನ್ನೊಂದು ಬಂತು. ದೊಡ್ಡ ಮೆಸೇಜ್ ಆಪ್‌ಗಳು, ಕೋರ್ಟೋ ಸರ್ಕಾರವೋ ಆದೇಶ ಮಾಡಿದರೆ, ಒಂದು ಮೆಸೇಜನ್ನು ದೇಶದಲ್ಲಿ ಮೊದಲು ಕಳಿಸಿದ್ದು ಯಾರು ಅಂತ ಹೇಳಬೇಕು. ಗಂಭೀರ ಅಪರಾಧಗಳಿಗೆ ಮಾತ್ರ ಅಂತ ನಿಯಮದಲ್ಲಿದೆ. ಆದರೆ ಯಾರನ್ನೋ ಒಬ್ಬರನ್ನು ಹುಡುಕಲಿಕ್ಕೆ ಎಲ್ಲರ ಮೆಸೇಜಿಗೂ ಗುರುತು ಹಾಕಬೇಕಾಗುತ್ತದೆ ಅಂತ ವಾಟ್ಸ್‌ಆಪ್ ದೆಹಲಿ ಹೈಕೋರ್ಟಿಗೆ ಹೋಯಿತು. ಅವರ ಎರಡೂ ತುದಿಯ ಎನ್‌ಕ್ರಿಪ್ಷನ್ 2016ರಿಂದ ಎಲ್ಲರಿಗೂ ಸಿಕ್ಕಿದೆ. ಕಳಿಸಿದವರ ಫೋನಿನಲ್ಲಿ ಮುಚ್ಚಿದ್ದು ಪಡೆದವರ ಫೋನಿನಲ್ಲೇ ತೆರೆಯುವುದು, ನಡುವೆ ಕಂಪನಿಗೂ ಓದಲಿಕ್ಕೆ ಆಗುವುದಿಲ್ಲ. ನನಗೆ ಇದರಲ್ಲಿ ಪೂರ್ತಿ ನಂಬಿಕೆ ಇದೆ. ಗುಲಾಬಿ ಹೂವಿನ ಶುಭೋದಯವನ್ನು ಮೊದಲು ಕಳಿಸಿದ್ದು ಯಾರು ಅಂತ ಗೊತ್ತಾದರೆ ನಾನೂ ಒಂದು ಕಂಪ್ಲೇಂಟ್ ಕೊಡುವವನಿದ್ದೇನೆ, ಅದು ಬೇರೆ ಮಾತು.

ಅಂತೂ ದೊಡ್ಡಮ್ಮನ ಆಧಾರ್ ಒಂದು ತುದಿಯಿಂದ ಇನ್ನೊಂದು ತುದಿಗೆ, ನಡುವೆ ಒಂದು ನೊಣವೂ ಇಣುಕದ ಹಾಗೆ, ಭದ್ರವಾಗಿ ಬಂದು ತಲುಪಿತು. ಇನ್ನೊಂದು ತುದಿ ಅಂದರೆ ಝೆರಾಕ್ಸ್ ಅಂಗಡಿಯ ಡೆಸ್ಕ್‌ಟಾಪ್.

"ಆದ ಮೇಲೆ ಡಿಲೀಟ್ ಮಾಡಪ್ಪಾ" ಅಂದೆ.

"ಮಾಡಿದೆ ಸರ್."

ಮೊನ್ನೆ ಪೆನ್ಶನ್ ಕೆಲಸಕ್ಕೆ ಮತ್ತೆ ಆಧಾರ್ ಕಾಪಿ ಕೇಳಿದರು. ಎರಡು ಪ್ರತಿ. ಫೋನಿನಲ್ಲಿ ಹುಡುಕಿದೆ, ಇಲ್ಲ. ಪುನಃ ಡೌನ್‌ಲೋಡ್ ಮಾಡುವ ಅಂದರೆ ಓಟಿಪಿ ದೊಡ್ಡಮ್ಮನ ಫೋನಿಗೆ ಬರಬೇಕು, ದೊಡ್ಡಮ್ಮ ಫೋನ್ ಮನೆಯಲ್ಲಿ ಬಿಟ್ಟು ಮದುವೆಗೆ ಹೋಗಿದ್ದರು. ಬೇರೆ ದಾರಿ ಕಾಣದೆ ಅದೇ ಅಂಗಡಿಗೆ ಹೋಗಿ ನಿಂತೆ. ಹುಡುಗ ನನ್ನ ಮುಖ ನೋಡಿದ.

"1948 ಅಲ್ವಾ ಸರ್? ಇಲ್ಲೇ ಉಂಟು. ಕಲರಾ, ಬ್ಲಾಕ್ ಅಂಡ್ ವೈಟಾ?"

ಎಷ್ಟು ಸಮಾಧಾನ ಆಯಿತು ಗೊತ್ತಾ. ಕಲರ್ ಅಂದೆ.