ಕಾಯಿಲೆ ಬೀಳದವರ ಲೆಕ್ಕವೂ ಬೇಕು

ಲಂಡನ್ನಿನ ಸೋಹೋದಲ್ಲಿ, ಬ್ರಾಡ್‌ವಿಕ್ ಬೀದಿಯ ಅಂಚಿನಲ್ಲಿ, ಹಿಡಿಕೆಯಿಲ್ಲದ ಒಂದು ನೀರಿನ ಪಂಪನ್ನು ನಿಲ್ಲಿಸಿದ್ದಾರೆ. ಪಕ್ಕದಲ್ಲೇ ಡಾ. ಜಾನ್ ಸ್ನೋ ಹೆಸರಿನ ಪಬ್ಬು. ಮದ್ಯಪಾನದ ವಿರುದ್ಧ ಭಾಷಣ ಮಾಡಿದವನ ಹೆಸರಲ್ಲಿ ಬಿಯರ್ ಮಾರುವುದು ಇಂಗ್ಲಿಷರಿಗೇ ಸಾಧ್ಯ. 1854ರ ಆಗಸ್ಟ್ ಕೊನೆಗೆ ಇಲ್ಲಿ ಕಾಲರಾ ಬಂತು, 600ಕ್ಕೂ ಹೆಚ್ಚು ಜನ ಸತ್ತರು, ಈ ಪಂಪಿನ ನೀರೇ ಕಾರಣವೆಂದು ವೈದ್ಯ ಸ್ನೋ ಹೇಳಿದ್ದಕ್ಕೆ ಸೆಪ್ಟೆಂಬರ್ 8ರಂದು ಪಂಪಿನ ಹಿಡಿಕೆ ಕಿತ್ತರು. ಇಷ್ಟು ಕಥೆ ಇಲ್ಲಿನ ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಹಿಡಿಕೆ ಕೀಳುವ ಹೊತ್ತಿಗೆ ಕಾಲರಾ ಆಗಲೇ ಇಳಿಯುತ್ತಿತ್ತು, ಬಹಳಷ್ಟು ಜನ ಬೀದಿ ಬಿಟ್ಟು ಓಡಿಹೋಗಿದ್ದರು. ಇದನ್ನು ಸ್ನೋನೇ ಬರೆದಿಟ್ಟಿದ್ದಾನೆ.

ನನಗೆ ಆತನಲ್ಲಿ ಹಿಡಿಸಿದ್ದು ಬೇರೆ. ಸತ್ತವರ ಮನೆ ಬಾಗಿಲು ತಟ್ಟಿದಂತೆಯೇ ಆತ ಸಾಯದವರನ್ನೂ ಹುಡುಕಿಕೊಂಡು ಹೋದ. ಅದೇ ಬೀದಿಯಲ್ಲಿ ಬಿಯರ್ ತಯಾರಿಸುವ ಕಾರ್ಖಾನೆ ಇತ್ತು. ಸುಮಾರು 70 ಕೆಲಸಗಾರರು, ಒಬ್ಬನೂ ಸತ್ತಿರಲಿಲ್ಲ. ವಿಚಾರಿಸಿದರೆ, ಅವರು ಪಂಪಿನ ಕಡೆ ಹೋಗುವುದೇ ಇಲ್ಲ: ಕುಡಿಯಲು ಬಿಯರ್ ಸಿಗುತ್ತದೆ, ಒಳಗೇ ಬಾವಿ ಇದೆ. ಹತ್ತಿರದ ಬಡವರ ಆಶ್ರಮದಲ್ಲಿ 535 ಜನರಿದ್ದರು, ಸತ್ತವರು ಐವರೇ. ಅಲ್ಲೂ ಸ್ವಂತ ಬಾವಿ. ಅತ್ತ ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿ, ಕಾಲರಾದ ಸುಳಿವೇ ಇಲ್ಲದ ಕಡೆ, ಒಬ್ಬ ವಿಧವೆ ಸತ್ತಳು. ಆಕೆಗೆ ಈ ಪಂಪಿನ ನೀರಿನ ರುಚಿಯೇ ಬೇಕಿತ್ತು, ದಿನವೂ ಗಾಡಿಯಲ್ಲಿ ತರಿಸುತ್ತಿದ್ದಳು. ಕಾಲರಾದ ರೋಗಾಣುವನ್ನು ರಾಬರ್ಟ್ ಕಾಖ್ ಗುರುತಿಸಿದ್ದು ಇದಾದ ಸುಮಾರು 30 ವರ್ಷಕ್ಕೆ. ಅಂದರೆ ರೋಗ ಏನೆಂದು ತಿಳಿಯದೆಯೂ ಅದರ ದಾರಿ ತಿಳಿಯಬಹುದು. ಎಪಿಡೆಮಿಯಾಲಜಿ ಎಂದರೆ ಬಹುಮಟ್ಟಿಗೆ ಇದೇ. ಯಾರಿಗೆ, ಎಲ್ಲಿ, ಯಾವಾಗ ಬಂತು ಎಂದು ಕೇಳಬೇಕು, ಜೊತೆಗೇ ಯಾರಿಗೆ ಬರಲಿಲ್ಲ ಎಂದೂ ಕೇಳಬೇಕು.

ದಕ್ಷಿಣ ಲಂಡನ್ನಿನಲ್ಲಿ ಆತ ಮಾಡಿದ ಲೆಕ್ಕ ಇನ್ನೂ ಗಟ್ಟಿ. ಅಲ್ಲಿ ಎರಡು ಕಂಪನಿಗಳ ನೀರು ಒಂದೇ ಬೀದಿಯ ಅಕ್ಕಪಕ್ಕದ ಮನೆಗಳಿಗೆ ಬರುತ್ತಿತ್ತು. ಕೊಳಕು ಸೇರಿದ ಥೇಮ್ಸ್ ನೀರು ಕೊಡುತ್ತಿದ್ದ ಕಂಪನಿಯ ಪ್ರತಿ 10,000 ಮನೆಗೆ 315 ಸಾವು. ನದಿಯ ಮೇಲ್ಭಾಗದಿಂದ ನೀರೆತ್ತುತ್ತಿದ್ದ ಕಂಪನಿಯ ಪ್ರತಿ 10,000 ಮನೆಗೆ 37. ಇಂಥ ಲೆಕ್ಕ ಸಾಧ್ಯವಾದದ್ದು ಒಬ್ಬನ ಜಾಣತನದಿಂದ ಮಾತ್ರವಲ್ಲ. ಸಾವು ನೋಂದಾಯಿಸುವ ಕಚೇರಿ 1837ರಿಂದಲೇ ಇತ್ತು, ಅಲ್ಲಿ ವಿಲಿಯಂ ಫಾರ್ ಎಂಬಾತ ಪ್ರತಿ ಸಾವಿನ ಕಾರಣವನ್ನೂ ಬರೆಸುತ್ತಿದ್ದ. ಸ್ನೋ ಹೋಗಿ ಪಟ್ಟಿ ಕೇಳಿದ, ಸಿಕ್ಕಿತು. ಪಬ್ಬು ಇರಬೇಕಾದದ್ದು ಫಾರ್ ಹೆಸರಲ್ಲಿ ಅನ್ನುವವನು ನಾನು.

ನಾನು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯವನು, ಹಾಗಾಗಿ ಮಂಗನ ಕಾಯಿಲೆ ನೆನಪಾಗದೆ ಇರುವುದಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಹಿಂದೆಯೇ ಜನರಿಗೆ ಜ್ವರ. ಮೊದಲು ಹಳದಿ ಜ್ವರವೇನೋ ಎಂಬ ಗುಮಾನಿ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಅದೇ ವರ್ಷ ವೈರಸ್ಸನ್ನು ಬೇರ್ಪಡಿಸಿದರು. ಅದು ರಷ್ಯಾದ ಒಂದು ಮಿದುಳುಜ್ವರದ ವೈರಸ್ಸಿನ ದಾಯಾದಿ, ಹರಡುವುದು ಉಣುಗಿನಿಂದ, ಅಂದರೆ ರಕ್ತ ಹೀರುವ ಉಣ್ಣೆಹುಳದಿಂದ. ಲಂಡನ್ನಿನಲ್ಲಿ ಸ್ನೋ ಮಾತನ್ನು ಆಗಿನ ಸರ್ಕಾರದ ಆರೋಗ್ಯ ಮಂಡಳಿ ತಳ್ಳಿಹಾಕಿತ್ತು, ನಮ್ಮಲ್ಲಿ ವಿಜ್ಞಾನಿಗಳು ಎಷ್ಟು ಚುರುಕಾಗಿದ್ದರು ನೋಡಿ. ಶುರುವಿನಲ್ಲಿ ನಾವು ಅವರಿಗಿಂತ ಹಿಂದೆ ಬಿದ್ದಿರಲಿಲ್ಲ.

ಹಿಂದೆ ಬಿದ್ದದ್ದು ಆಮೇಲಿನ ದಿನನಿತ್ಯದ ಲೆಕ್ಕದಲ್ಲಿ. ಕಾಕತಾಳೀಯ ಎಂಬಂತೆ ಅದೇ 1957ರಲ್ಲಿ ಇಂಗ್ಲೆಂಡಿನಲ್ಲಿ ಕುಟುಂಬ ವೈದ್ಯರ ಸಂಘ ತನ್ನ ಕ್ಲಿನಿಕ್ಕುಗಳಿಂದ ಕಾಯಿಲೆಗಳ ವಿವರ ತರಿಸಿಕೊಳ್ಳತೊಡಗಿತು. ಇಲ್ಲಿ ಬಹುಪಾಲು ಎಲ್ಲರೂ ಒಂದಲ್ಲ ಒಂದು ಕ್ಲಿನಿಕ್ಕಿನಲ್ಲಿ ಹೆಸರು ಬರೆಸಿರುತ್ತಾರೆ. ಆದ್ದರಿಂದ ಒಂದು ಲಕ್ಷ ಜನರಲ್ಲಿ ಈ ವಾರ ಎಷ್ಟು ಮಂದಿಗೆ ಫ್ಲೂ ಎಂದು ಹೇಳಬಲ್ಲರು. ದಡಾರವೋ ಕಾಲರಾವೋ ಎಂದು ವೈದ್ಯರಿಗೆ ಗುಮಾನಿ ಬಂದರೆ ಸಾಕು, 3 ದಿನದೊಳಗೆ ತಿಳಿಸಬೇಕೆಂಬ ಕಾನೂನಿದೆ, ತುರ್ತಾದರೆ 24 ಗಂಟೆಯೊಳಗೆ. ಲ್ಯಾಬ್ ರಿಪೋರ್ಟಿಗೆ ಕಾಯುವಂತಿಲ್ಲ. ಇವರೇನೂ ದೇವಲೋಕದವರಲ್ಲ. 2020ರ ಕೊರೊನಾ ಕಾಲದಲ್ಲಿ ಹಳೇ ಮಾದರಿಯ ಎಕ್ಸೆಲ್ ಫೈಲಿನಲ್ಲಿ ಸಾಲು ಸಾಲದೆ 15,841 ಪ್ರಕರಣಗಳು ಲೆಕ್ಕದಿಂದ ಜಾರಿಹೋದವು. ಆದರೂ ಅದು ಗೊತ್ತಾಯಿತು, ದೊಡ್ಡ ಗಲಾಟೆಯಾಯಿತು.

ನಮ್ಮಲ್ಲೂ 2004ರಿಂದ ರೋಗ ಕಣ್ಗಾವಲು ಯೋಜನೆ ಇದೆ. ಆರೋಗ್ಯ ಕಾರ್ಯಕರ್ತೆಗೊಂದು, ಡಾಕ್ಟರಿಗೊಂದು, ಲ್ಯಾಬಿಗೊಂದು ಫಾರಂ ಕೂಡ ಇದೆ. ಆದರೆ ದೇಶದಲ್ಲಿ 2020ರಲ್ಲಿ ನೋಂದಣಿಯಾದ ಸಾವುಗಳ ಪೈಕಿ ವೈದ್ಯರು ಕಾರಣ ಬರೆದದ್ದು ಶೇ 22.5ಕ್ಕೆ ಮಾತ್ರ. ಉಳಿದವರು ಏತರಿಂದ ಹೋದರು? ‘ಜ್ವರ ಬಂದು ಹೋದ್ರು’ ಅನ್ನುತ್ತೇವೆ, ಅಷ್ಟೇ.

ಊರಿನ ಚಿಕ್ಕಪ್ಪ ಫೋನಿನಲ್ಲಿ ಹೇಳುತ್ತಿದ್ದರು: ‘ಮಂಗ ಸತ್ತು ಬಿದ್ದಿದೆ ಅಂತ ತಿಳಿಸಿದ್ವಿ. ಬಂದ್ರು, ಉಣುಗು ಸಾಯೋ ಪುಡಿ ಹಾಕಿದ್ರು, ಹೋದ್ರು. ಅದಕ್ಕೆ ಕಾಯಿಲೆ ಇತ್ತೋ ಇಲ್ವೋ ಅಂತ ತಿರುಗಿ ಒಬ್ರೂ ಹೇಳ್ಲಿಲ್ಲ ಮಾರಾಯ.’ ಸುದ್ದಿ ಮೇಲಕ್ಕೆ ಹೋಗುತ್ತದೆ, ಕೆಳಕ್ಕೆ ಬರುವುದಿಲ್ಲ.

ಲೆಕ್ಕವಿಲ್ಲದ ಕಡೆ ವದಂತಿ ಲೆಕ್ಕ ಹಾಕುತ್ತದೆ. ‘ಲಸಿಕೆ ಹಾಕಿಸಿಕೊಂಡವರಿಗೇ ಬಂತು’ ಎಂಬ ಮಾತನ್ನೇ ತಗೊಳ್ಳಿ. ಒಂದು ಊರಿನಲ್ಲಿ ಸಾವಿರ ಜನ ಎಂದಿಟ್ಟುಕೊಳ್ಳೋಣ, 900 ಜನ ಲಸಿಕೆ ಹಾಕಿಸಿಕೊಂಡವರು. ಅವರಲ್ಲಿ 9 ಮಂದಿಗೆ ಕಾಯಿಲೆ, ಹಾಕಿಸಿಕೊಳ್ಳದ 100 ಜನರಲ್ಲಿ 5 ಮಂದಿಗೆ. ಆಸ್ಪತ್ರೆಯಲ್ಲಿ ಕಾಣುವುದು ಒಂಬತ್ತಕ್ಕೆ ಐದು, ಲಸಿಕೆ ದಂಡ. ಕಾಯಿಲೆ ಬೀಳದವರನ್ನೂ ಸೇರಿಸಿ ನೋಡಿ: ಒಂದು ಕಡೆ ನೂರಕ್ಕೆ ಒಬ್ಬ, ಇನ್ನೊಂದು ಕಡೆ ನೂರಕ್ಕೆ ಐವರು. ಮಂಗನ ಕಾಯಿಲೆಯ ಹಳೆಯ ಲಸಿಕೆಯನ್ನು 2022ರಲ್ಲಿ, ಪರಿಣಾಮ ಸಾಲದೆಂದು ನಿಲ್ಲಿಸಿದ್ದಾರೆ. ಹೊಸದು ಬಂದಾಗಲೂ ಇದೇ ಲೆಕ್ಕ ಬೇಕಾಗುತ್ತದೆ.

ನಮ್ಮಲ್ಲಿ ಸಾವಾದಾಗ ಆಸ್ಪತ್ರೆ ಕೇಳುತ್ತೇವೆ, ಪರಿಹಾರ ಕೇಳುತ್ತೇವೆ. ಎರಡೂ ನ್ಯಾಯವೇ. ಅಂಕಿ ಕೇಳಿ ಧರಣಿ ಕೂತದ್ದನ್ನು ನಾನು ಕಂಡಿಲ್ಲ. ಡಿಸೆಂಬರಿನಿಂದ ಬೇಸಿಗೆಯವರೆಗೆ ಮಲೆನಾಡಿನವರು ಕೊಟ್ಟಿಗೆಗೆ ಹಾಸಲು ಕಾಡಿಗೆ ಹೋಗಿ ದರಕು, ಅಂದರೆ ಉದುರಿದ ಒಣಗಿದೆಲೆ, ಗುಡಿಸಿ ತರುತ್ತಾರೆ. ಉಣುಗಿನ ಮರಿಗಳು ಒಣಗಿದೆಲೆಯಲ್ಲಿ ತುಂಬಿಕೊಳ್ಳುವುದೂ ಆಗಲೇ. ದರಕಿಗೆ ಹೋದವರೆಷ್ಟು, ಅವರಲ್ಲಿ ಮೈಗೆ ಉಣುಗು ಓಡಿಸುವ ಎಣ್ಣೆ ಹಚ್ಚಿಕೊಂಡವರೆಷ್ಟು, ಯಾರಿಗೆ ಜ್ವರ ಬಂತು, ಯಾರಿಗೆ ಬರಲಿಲ್ಲ? ಇದಕ್ಕೆ ಹೊಸ ಕಟ್ಟಡ ಬೇಡ. ಆಶಾ ಕಾರ್ಯಕರ್ತೆಯ ಚೀಲದಲ್ಲಿ ಊರಿನ ಮನೆಮನೆಯ ಪಟ್ಟಿ ಆಗಲೇ ಇದೆ, ನಾಲ್ಕು ಕಲಂ ಸೇರಿಸಿದರಾಯಿತು. ಸತ್ತ ಮಂಗನ ಪರೀಕ್ಷೆಯ ಫಲಿತಾಂಶದ ಜೊತೆ ಅದನ್ನೂ ವಾರಕ್ಕೊಮ್ಮೆ ಪಂಚಾಯ್ತಿಯ ಬೋರ್ಡಿಗೆ ಹಾಕಲಿ. ಆಕೆಗೆ ಅದಕ್ಕೆ ಬೇರೆ ದುಡ್ಡು ಕೊಡಬೇಕು, ನವೆಂಬರಿಗೆ ಮೊದಲೇ.