ಊರೇ ವಿಮಾನಕ್ಕೆ ಎದುರು ಬರುತ್ತದೆಯೇ?

ಭೂಮಿ ಪೂರ್ವಕ್ಕೆ ತಿರುಗುತ್ತದೆ, ಹಾಗಾಗಿ ಪಶ್ಚಿಮಕ್ಕೆ ಹಾರುವ ವಿಮಾನ ಬೇಗ ತಲುಪುತ್ತದೆ. ವಾಟ್ಸಾಪ್‌ನಲ್ಲಿ ಆಗಾಗ ತಿರುಗಿ ಬರುವ ಮಾತು ಇದು. ಕೇಳಲು ಸರಿ ಅನ್ನಿಸುತ್ತದೆ, ಆದರೆ ನಿಜ ಅಲ್ಲ.

ಲಂಡನ್‌ನಿಂದ ನ್ಯೂಯಾರ್ಕ್ ಸುಮಾರು 5,550 ಕಿ.ಮೀ. ಪಶ್ಚಿಮಕ್ಕೆ ಹೋಗುವಾಗ ಹೆಚ್ಚುಕಡಿಮೆ 8 ಗಂಟೆ, ವಾಪಸ್ ಬರುವಾಗ 7 ಗಂಟೆ ಅಥವಾ ಅದಕ್ಕೂ ಕಡಿಮೆ. ಅಂದರೆ ಫಾರ್ವರ್ಡ್ ಹೇಳಿದ್ದಕ್ಕೆ ಪೂರ್ತಿ ಉಲ್ಟಾ!

ಓಡುವ ರೈಲಿನಲ್ಲಿ ನಾಣ್ಯ ಮೇಲಕ್ಕೆ ಚಿಮ್ಮಿಸಿ ನೋಡಿ. ಹಿಂದಿನ ಸೀಟಿನವರ ತಲೆ ಮೇಲೆ ಬೀಳುವುದಿಲ್ಲ, ನಿಮ್ಮ ಕೈಗೇ ಬೀಳುತ್ತದೆ. ರೈಲಿನ ವೇಗ ನಾಣ್ಯಕ್ಕೂ ಇರುತ್ತದೆ, ಅಲ್ವಾ? ವಿಮಾನವೂ ಅಷ್ಟೇ. ನೆಲ ಬಿಡುವ ಮೊದಲೇ ಅದು ಭೂಮಿಯ ಜೊತೆ ತಿರುಗುತ್ತಿರುತ್ತದೆ, ಸುತ್ತಲಿನ ಗಾಳಿಯೂ ತಿರುಗುತ್ತಿರುತ್ತದೆ.

ವ್ಯತ್ಯಾಸ ಮಾಡುವುದು ಜೆಟ್ ಸ್ಟ್ರೀಮ್. ಸುಮಾರು 10 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುವ ಗಾಳಿ ಇದು. 2020ರ ಫೆಬ್ರವರಿಯಲ್ಲಿ ಬಿರುಗಾಳಿಯ ಸಮಯದಲ್ಲಿ ಒಂದು ವಿಮಾನ ನ್ಯೂಯಾರ್ಕ್‌ನಿಂದ ಲಂಡನ್‌ಗೆ 5 ಗಂಟೆಯೊಳಗೇ ಬಂದಿಳಿಯಿತು.

ಟಿಕೆಟ್ ನೋಡಿ ಮೋಸ ಹೋಗುವವರೂ ಇದ್ದಾರೆ, ನಾನೂ ಒಮ್ಮೆ ಹೋಗಿದ್ದೆ. ಬೆಳಗ್ಗೆ 11ಕ್ಕೆ ಲಂಡನ್ ಬಿಟ್ಟು ಮಧ್ಯಾಹ್ನ 2ಕ್ಕೆ ನ್ಯೂಯಾರ್ಕ್ ಅಂತ ಇದ್ದರೆ ಬರೀ 3 ಗಂಟೆ ಅನ್ನಿಸುತ್ತದೆ. ಎರಡೂ ಸ್ಥಳೀಯ ಸಮಯ. ಎರಡೂ ಊರಿನ ಗಡಿಯಾರಗಳ ನಡುವಿನ 5 ಗಂಟೆ ವ್ಯತ್ಯಾಸ ಸೇರಿಸಿದರೆ 8.

ಇಂಥದ್ದು ಬಂದಾಗ ಟಿಕೆಟ್ ಬುಕಿಂಗ್ ಸೈಟಿನಲ್ಲಿ ಹೋಗುವ, ಬರುವ ಎರಡೂ ಕಡೆಯ ಒಟ್ಟು ಪ್ರಯಾಣದ ಅವಧಿ ನೋಡಿ. ದುಡ್ಡು ಕಟ್ಟಬೇಕಿಲ್ಲ, ಸುಮ್ನೆ ನೋಡಿದರೆ ಸಾಕು.